ಸಾಲಿಗೆ 14 ಮಾತ್ರೆ

ಅಮ್ಮನಿಗೆ ಈ ವರ್ಷ 70 ತುಂಬಿತು. ಸೀರೆ ಬೇಡ, ಉಂಗುರ ಬೇಡ, ಪ್ರವಾಸವಂತೂ ಬೇಡವೇ ಬೇಡ, "ಸುಮ್ನೆ ದುಡ್ಡು ಯಾಕೆ ಹಾಳು ಮಾಡ್ತೀಯ" ಅಂದಳು. ದುಡ್ಡು ಹಾಳಾಗದ ಉಡುಗೊರೆ ಏನಿದೆ ಅಂತ ಯೋಚಿಸಿದಾಗ ಹೊಳೆದದ್ದು ಪದ್ಯ. ಒಂದು ಭಾಮಿನಿ ಷಟ್ಪದಿ. ಅಮ್ಮ ಗಮಕ ಕೇಳುತ್ತಾ ಬೆಳೆದವಳು. ಅವಳ ಊರಿನಲ್ಲಿ ಮಳೆ ಹಿಡಿದ ಸಂಜೆಗಳಲ್ಲಿ ಜಗಲಿಯ ಮೇಲೆ ಕುಮಾರವ್ಯಾಸ ಭಾರತ ಓದುತ್ತಿದ್ದರಂತೆ. ಒಬ್ಬರು ಹಾಡುವುದು, ಇನ್ನೊಬ್ಬರು ಅರ್ಥ ಹೇಳುವುದು, ಮಕ್ಕಳು ಕಂಬಕ್ಕೆ ಒರಗಿ ನಿದ್ದೆ ಮಾಡುವುದು. ಆ ನಿದ್ದೆಯಲ್ಲಿ ಕಿವಿಗೆ ಬಿದ್ದದ್ದು ಇವತ್ತಿಗೂ ಅವಳಲ್ಲಿದೆ.

ನನಗೆ ಪದ್ಯ ಬರೆಯಲು ಬರುವುದಿಲ್ಲ. ನಾನು ಸಾಫ್ಟ್‌ವೇರ್ ಬರೆದು ಹೊಟ್ಟೆ ಹೊರೆಯುವವನು. ಹಾಗಾಗಿ ನನ್ನಂಥವರು ಈಗ ಮಾಡುವುದನ್ನೇ ಮಾಡಿದೆ, ಒಂದು ಚಾಟ್‌ಬಾಟ್‌ಗೆ ಕೆಲಸ ವಹಿಸಿದೆ. ಹತ್ತು ಸೆಕೆಂಡಿಗೆ ಆರು ಸಾಲು ಬಂತು. ಇದು ಭಾಮಿನಿ ಷಟ್ಪದಿಯ ನಿಯಮಕ್ಕೆ ಸರಿಯಾಗಿದೆ ಅಂತ ಕೊನೆಯಲ್ಲಿ ಒಂದು ಭರವಸೆ ಬೇರೆ, ನಾನು ಕೇಳದಿದ್ದರೂ. ಓದಿದೆ. ಮಡಿಲು ಇತ್ತು, ದೀಪ ಇತ್ತು, ಕಡಲು ಇತ್ತು. ನನಗೇನೋ ಚೆನ್ನಾಗಿಯೇ ಕಂಡಿತು. ಆದರೂ ಒಳಗೊಳಗೇ ಅಳುಕು. "ಎಲ್ಲೋ ಸಿಕ್ಕಿತು ನೋಡು" ಅಂತ ಸುಳ್ಳು ಹೇಳಿ ಫೋನನ್ನು ಅಮ್ಮನ ಕೈಗೆ ಕೊಟ್ಟೆ.

"ಅಮ್ಮ ನಿನ್ನ ಮಡಿಲೇ ನನಗೆ ದೇಗುಲ." ಅಮ್ಮ ಮೊದಲ ಸಾಲಿಗೇ ನಿಂತಳು. ಕನ್ನಡಕ ಸರಿ ಮಾಡಿಕೊಂಡು ಇನ್ನೊಮ್ಮೆ ಓದಿದಳು. ಬಲಗೈ ಬೆರಳು ತೊಡೆಯ ಮೇಲೆ ಮೆಲ್ಲಗೆ ಬೀಳುತ್ತಿತ್ತು, ಅದು ಅವಳಿಗೇ ಗೊತ್ತಿರಲಿಲ್ಲ ಅನಿಸುತ್ತದೆ. ಆಮೇಲೆ ಅಂದಳು: "ಇದು ಕುಂಟುತ್ತಲ್ಲೋ."

ಎಲ್ಲಿ ಅಂತ ಕೇಳಿದೆ.

"ಏನೋಪ್ಪ. 'ನಿನ್ನ' ಆದ್ಮೇಲೆ ಕಾಲು ಎಡವುತ್ತೆ."

ಹೈಸ್ಕೂಲಿನಲ್ಲಿ ಕಲಿತು ಮರೆತಿದ್ದನ್ನು ನೆನಪು ಮಾಡಿಕೊಂಡು ಲೆಕ್ಕ ಹಾಕಿದೆ. ಭಾಮಿನಿಯಲ್ಲಿ ಒಂದು, ಎರಡು, ನಾಲ್ಕು, ಐದನೇ ಸಾಲುಗಳು 3, 4, 3, 4 ಅಂತ ಹೋಗಬೇಕು, ಒಟ್ಟು 14 ಮಾತ್ರೆ (ಅಕ್ಷರ ಉಚ್ಚರಿಸುವ ಕಾಲದ ಅಳತೆ). ಮೂರು ಮತ್ತು ಆರನೇ ಸಾಲು ಉದ್ದ, 3 ಮತ್ತು 4 ಮೂರು ಸಲ ಬಂದು ಕೊನೆಗೊಂದು ಗುರು, ಅಂದರೆ ಎರಡು ಮಾತ್ರೆಯ ಅಕ್ಷರ, ಒಟ್ಟು 23 ಮಾತ್ರೆ. ಇಡೀ ಪದ್ಯಕ್ಕೆ 102. (ಅಮ್ಮ ದಿನಕ್ಕೆ ನುಂಗುವುದು ನಾಲ್ಕೇ ಮಾತ್ರೆ, ಆ ಜೋಕನ್ನು ಅವಳೇ ಮಾಡಿದಳು.) ಯಂತ್ರದ ಸಾಲಿನಲ್ಲಿ 'ಅಮ್ಮ' ಮೂರು, ಸರಿ. ಆಮೇಲೆ ನಾಲ್ಕು ಬೇಕಾದ ಕಡೆ 'ನಿನ್ನ', ಮೂರೇ. ಅಮ್ಮ ಎಡವಿದ ಜಾಗ ಅದೇ. ಸಾಲಿನ ಒಟ್ಟು ಮೊತ್ತ 17. ಇನ್ನೊಂದು ತಪ್ಪೂ ಇತ್ತು. ಷಟ್ಪದಿಗೆ ಪ್ರಾಸ ಇರಬೇಕಾದದ್ದು ಪ್ರತಿ ಸಾಲಿನ ಎರಡನೇ ಅಕ್ಷರದಲ್ಲಿ. ಯಂತ್ರ ಅದನ್ನು ಸಿನಿಮಾ ಹಾಡಿನ ಹಾಗೆ ಸಾಲಿನ ಕೊನೆಗೆ ಅಂಟಿಸಿತ್ತು.

ತಪ್ಪು ಅಂತ ತೋರಿಸಿದೆ. ಕ್ಷಮೆ ಕೇಳಿತು. ಹೊಸ ಪದ್ಯ ಕೊಟ್ಟಿತು. ಅದರಲ್ಲಿ 16.

ಅಲ್ಲಿಗೆ ನನಗೆ ಉಡುಗೊರೆ ಮರೆತೇ ಹೋಯಿತು, ತಲೆಗೆ ಹುಳ ಹೊಕ್ಕಿತು. ಲಘು ಗುರು ಎಣಿಸುವುದು ಲೆಕ್ಕದಲ್ಲಿ ಲೆಕ್ಕವೇ ಅಲ್ಲ. ದೀರ್ಘ ಇದ್ದರೆ ಎರಡು. ಮುಂದೆ ಒತ್ತಕ್ಷರ ಇದ್ದರೆ ಎರಡು. ಸೊನ್ನೆಯೋ ವಿಸರ್ಗವೋ ಅರ್ಧಾಕ್ಷರವೋ ಜೊತೆಗಿದ್ದರೆ ಎರಡು. ಉಳಿದದ್ದು ಒಂದು. ಎರಡಾದದ್ದು ಗುರು, ಒಂದಾದದ್ದು ಲಘು. ಅವತ್ತು ರಾತ್ರಿ ಕೂತು ನಲವತ್ತು ಸಾಲಿನ ಒಂದು ಪ್ರೋಗ್ರಾಂ ಬರೆದೆ. ಪದ್ಯ ಹಾಕಿದರೆ ಪ್ರತಿ ಸಾಲಿನ ಮಾತ್ರೆ ಎಣಿಸಿ, ಸರಿ ಇದ್ದರೆ ಹಸಿರು, ತಪ್ಪಿದ್ದರೆ ಕೆಂಪು. ಹತ್ತು ವರ್ಷ ಹಳೆಯ ಲ್ಯಾಪ್‌ಟಾಪ್‌ನಲ್ಲೂ ಕಣ್ಣು ಮುಚ್ಚಿ ತೆರೆಯುವುದರೊಳಗೆ ಉತ್ತರ ಕೊಡುತ್ತದೆ. ಹಾಗಿದ್ದರೆ ಅಷ್ಟು ದೊಡ್ಡ ಯಂತ್ರಕ್ಕೆ ಇದು ಯಾಕೆ ಆಗಲಿಲ್ಲ?

ಕಾರಣ ತೀರಾ ಗುಟ್ಟಿನದ್ದೇನಲ್ಲ. ಆ ಯಂತ್ರಕ್ಕೆ ನಮ್ಮ ಅಕ್ಷರ ಕಾಣುವುದೇ ಇಲ್ಲ. ಕಂಪ್ಯೂಟರಿನಲ್ಲಿ ಕನ್ನಡವನ್ನು ಇಡುವ ಯುಟಿಎಫ್-8 ಪದ್ಧತಿಯಲ್ಲಿ ಒಂದೊಂದು ಕನ್ನಡ ಚಿಹ್ನೆಗೂ ಮೂರು ಬೈಟ್ ಬೇಕು. 'ತಾ' ಅಂದರೆ ತ ಒಂದು, ದೀರ್ಘದ ಗುರುತು ಇನ್ನೊಂದು, ಒಟ್ಟು ಆರು ಬೈಟ್. ಚಾಟ್‌ಬಾಟ್‌ನ ಹಿಂದಿರುವ ಭಾಷಾ ಮಾದರಿಗಳು ಈ ಬೈಟ್‌ಗಳ ಸಾಲನ್ನು ತಮಗೆ ಅನುಕೂಲವಾದ ಹಾಗೆ ತುಂಡು ಮಾಡಿಕೊಳ್ಳುತ್ತವೆ. ಆ ತುಂಡಿಗೆ ಟೋಕನ್ ಅನ್ನುತ್ತಾರೆ. ತುಂಡು ಬೀಳುವ ಜಾಗಕ್ಕೂ ನಾವು ಉಚ್ಚರಿಸುವ ಅಕ್ಷರಕ್ಕೂ ಸಂಬಂಧ ಇರಲೇಬೇಕು ಅಂತೇನಿಲ್ಲ. ಪ್ರತಿ ತುಂಡಿಗೂ ಒಂದು ಸಂಖ್ಯೆ. ಹಿಂದಿನ ಸಂಖ್ಯೆಗಳನ್ನು ನೋಡಿ ಮುಂದೆ ಯಾವ ಸಂಖ್ಯೆ ಬರಬಹುದು ಅಂತ ಊಹಿಸುವುದೇ ಅದರ ಕೆಲಸ. ಸಂತೆಯಲ್ಲಿ ಅರಳೆಯ ಮೂಟೆ ನೋಡಿ ನೂಲಿನ ಎಳೆ ಎಣಿಸು ಅಂದ ಹಾಗಾಯಿತು.

ಹೀಗೆ ನನ್ನ ಮುಂದೆ ಎರಡು ಯಂತ್ರ. ನಲವತ್ತು ಸಾಲಿನದಕ್ಕೆ ಎಣಿಸಲು ಬರುತ್ತದೆ, ಬೇರೆ ಏನೂ ಬರುವುದಿಲ್ಲ. 'ಟೇಬಲ್ಲು ಕುರ್ಚಿ' ಅಂತ ಹಾಕಿದರೂ ಮಾತ್ರೆ ಕೂಡಿದರೆ ಹಸಿರು ದೀಪ. ಇನ್ನೊಂದಕ್ಕೆ ತಾಯಿ, ಮಡಿಲು, ದೇಗುಲ ಎಲ್ಲ ಒಟ್ಟಿಗೆ ಬರುವ ಪದಗಳು ಅಂತ ಗೊತ್ತು, ಎಣಿಸಲು ಬರುವುದಿಲ್ಲ. ಅಮ್ಮನಿಗೆ ಎರಡೂ ಬರುತ್ತದೆ. ಎಣಿಸುತ್ತಿದ್ದೇನೆ ಅನ್ನುವುದು ಮಾತ್ರ ಗೊತ್ತಿಲ್ಲ.

ಇದನ್ನು ನನಗಿಂತ ಚೆನ್ನಾಗಿ ಹೇಳಿದವನೊಬ್ಬ ಇದ್ದಾನೆ, ಜರ್ಮನಿಯ ಗಣಿತಜ್ಞ ಲೈಬ್ನಿಟ್ಸ್. 1712ರಲ್ಲಿ ಗೋಲ್ಡ್‌ಬಾಖ್ ಎಂಬ ಗಣಿತಜ್ಞನಿಗೆ ಬರೆದ ಪತ್ರದಲ್ಲಿ, ಸಂಗೀತ ಅಂದರೆ ಮನಸ್ಸು ಗುಟ್ಟಾಗಿ ಮಾಡುವ ಲೆಕ್ಕ, ತಾನು ಎಣಿಸುತ್ತಿದ್ದೇನೆ ಅಂತ ಅದಕ್ಕೇ ಗೊತ್ತಿರುವುದಿಲ್ಲ ಅನ್ನುವ ಅರ್ಥದ ಮಾತು ಬರೆದ. ಸುಮ್ಮನೆ ಚಂದಕ್ಕೆ ಹೇಳಿದ ಮಾತಲ್ಲ ಅದು. 1673ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯಲ್ಲಿ ತಾನೇ ಮಾಡಿಸಿದ ಲೆಕ್ಕದ ಯಂತ್ರ ತೋರಿಸಿದವನು ಇದೇ ಲೈಬ್ನಿಟ್ಸ್. ಸೊನ್ನೆ ಮತ್ತು ಒಂದರಲ್ಲೇ ಎಲ್ಲ ಸಂಖ್ಯೆ ಬರೆಯುವ ಬಗೆಯನ್ನು 1703ರಲ್ಲಿ ಪ್ರಕಟಿಸಿದವನೂ ಅವನೇ. ಆ ಮಾತನ್ನು ಈಗಿನ ಯಂತ್ರದ ಪಕ್ಕ ಇಟ್ಟು ನೋಡಿದರೆ ತಮಾಷೆ ಅನಿಸುತ್ತದೆ. ಚಾಟ್‌ಬಾಟ್‌ನ ಹೊಟ್ಟೆಯೊಳಗೆ ನಡೆಯುವುದು ಬರೀ ಗುಣಾಕಾರ ಮತ್ತು ಕೂಡುವುದು, ಒಂದು ಪದ ಬರುವುದಕ್ಕೆ ಕೋಟಿಗಟ್ಟಲೆ. ಅದೂ ತಾನು ಎಣಿಸುತ್ತಿರುವುದು ಗೊತ್ತಿಲ್ಲದೆ ಎಣಿಸುತ್ತದೆ. ಆದರೆ ಅದು ಎಣಿಸುವುದು ಬೇರೆ ಏನನ್ನೋ. ಅಮ್ಮನ ಬೆರಳು ಎಣಿಸುವುದನ್ನಲ್ಲ.

ಸೊನ್ನೆ ಒಂದರ ಮಾತು ಬಂದದ್ದಕ್ಕೆ ಒಂದು ಅಡ್ಡಮಾತು. ಕನ್ನಡ ಮೇಷ್ಟ್ರು ಬಾಯಿಪಾಠ ಮಾಡಿಸಿದ 'ಯಮಾತಾರಾಜಭಾನಸಲಗಂ' ನೆನಪಿದೆಯಾ? ಯ ಗಣ ಅಂದರೆ ಯಮಾತಾ, ಲಘು ಗುರು ಗುರು. ಮ ಗಣ ಅಂದರೆ ಮಾತಾರಾ, ಮೂರೂ ಗುರು. ಹೀಗೆ ಒಂದೊಂದೇ ಅಕ್ಷರ ಜರುಗುತ್ತಾ ಹೋದರೆ ಎಂಟೂ ಗಣ ಒಂದು ಸಲ ಮಾತ್ರ ಬರುತ್ತವೆ. ಬಿಡಿಯಾಗಿ ಬರೆದರೆ 24 ಅಕ್ಷರ ಬೇಕಾದದ್ದು 10 ಅಕ್ಷರದಲ್ಲಿ ಮುಗಿಯಿತು. ಕಂಪ್ಯೂಟರ್ ಸೈನ್ಸಿನಲ್ಲಿ ಇಂಥ ಸರಣಿಗೆ ಡಚ್ ಗಣಿತಜ್ಞ ಡಿ ಬ್ರೌನ್ ಹೆಸರಿದೆ. ಇಂಜಿನಿಯರಿಂಗಿನಲ್ಲಿ ಅದನ್ನು ಓದುವಾಗ ಇದು ನಮ್ಮ ಎಂಟನೇ ಕ್ಲಾಸಿನ ಯಮಾತಾರಾಜ ಅಲ್ವಾ ಅಂತ ನನಗೆ ಹೊಳೆಯಲೇ ಇಲ್ಲ. ಒಂದನ್ನು ಕನ್ನಡ ಪೀರಿಯಡ್ಡಿನಲ್ಲಿ ಓದಿದ್ದೆ, ಇನ್ನೊಂದನ್ನು ಇಂಗ್ಲಿಷಿನಲ್ಲಿ.

ಮಾತ್ರೆಗೆ ಬರುತ್ತೇನೆ. ಲಘು ಗುರು ಸೇರಿಸಿ 2 ಮಾತ್ರೆಯನ್ನು ಎರಡು ರೀತಿ ಮಾಡಬಹುದು, 3 ಮಾತ್ರೆಯನ್ನು ಮೂರು ರೀತಿ, 4ನ್ನು ಐದು, 5ನ್ನು ಎಂಟು, 6ನ್ನು ಹದಿಮೂರು. ಪ್ರತಿ ಸಂಖ್ಯೆಯೂ ಹಿಂದಿನ ಎರಡರ ಮೊತ್ತ. ಯಾಕೆ ಅಂದರೆ ಕೊನೆಯ ಅಕ್ಷರ ಒಂದೋ ಲಘು, ಇಲ್ಲವೇ ಗುರು, ಅದನ್ನು ತೆಗೆದರೆ ಉಳಿಯುವುದು ಒಂದು ಕಡಿಮೆ ಅಥವಾ ಎರಡು ಕಡಿಮೆ. 12ನೇ ಶತಮಾನದ ಗುಜರಾತಿನ ಹೇಮಚಂದ್ರ ಇದನ್ನು ಛಂದಸ್ಸಿನ ಪಾಠದಲ್ಲಿ ಹೇಳಿದ, ಅವನಿಗಿಂತ ಹಿಂದೆ ವಿರಹಾಂಕನೂ ಹೇಳಿದ್ದ. ಇದೇ ಸಂಖ್ಯೆಗಳು ಬರುವ ಮೊಲಗಳ ಲೆಕ್ಕವನ್ನು ಇಟಲಿಯ ಫಿಬೊನಾಚಿ ಬರೆದದ್ದು 1202ರಲ್ಲಿ. ವಾಟ್ಸಾಪಿನಲ್ಲಿ ಇದನ್ನು ಎದೆ ತಟ್ಟಿಕೊಂಡು ಹಂಚುವವರು ಬೇಕಾದಷ್ಟು ಜನ ಇದ್ದಾರೆ, ನನಗೆ ಆ ಉಸಾಬರಿ ಬೇಡ. ನನ್ನ ಕುತೂಹಲ ಬೇರೆ ಕಡೆ. ಲೆಕ್ಕದ ಪ್ರಕಾರ 4 ಮಾತ್ರೆಗೆ ಐದು ದಾರಿ ಇವೆ ನಿಜ, ಆದರೆ ಕನ್ನಡದ ಷಟ್ಪದಿ ನಾಲ್ಕನ್ನೇ ಒಪ್ಪುತ್ತದೆ. ಗಣದ, ಅಂದರೆ ಈ ಮಾತ್ರೆಗಳ ಗುಂಪಿನ, ಶುರುವಿಗೆ ಲಘು, ಅದರ ಬೆನ್ನಿಗೇ ಗುರು ಬರುವ ಹಾಗಿಲ್ಲ. 3 ಮಾತ್ರೆಯ ಮೂರರಲ್ಲಿ ಒಂದು ಹೋಯಿತು, 4ರ ಐದರಲ್ಲಿ ಒಂದು ಹೋಯಿತು, 5ರ ಎಂಟರಲ್ಲಿ ಎರಡು ಹೋದವು. ಯಾಕೆ ಅಂದರೆ ಕಿವಿ ಒಪ್ಪುವುದಿಲ್ಲ. ಅಷ್ಟೇ. ಹೆಜ್ಜೆ ಊರುವ ಮೊದಲೇ ಯಾರೋ ತಳ್ಳಿದ ಹಾಗೆ ಆಗುತ್ತದೆ. ಲೆಕ್ಕ ಎಲ್ಲವನ್ನೂ ಪಟ್ಟಿ ಮಾಡಿ ಕೊಡುತ್ತದೆ, ಕಿವಿ ಕೆಲವನ್ನು ಹೊರಗೆ ಹಾಕುತ್ತದೆ. ಈ ಹೊರಗೆ ಹಾಕುವ ಕೆಲಸದಲ್ಲೇ ನನಗೆ ಜಾಸ್ತಿ ಆಸಕ್ತಿ.

ಚಿಕ್ಕವನಿದ್ದಾಗ ಆರು ವರ್ಷ ಮೃದಂಗ ಕಲಿತೆ. ಆಮೇಲೆ ಬಿಟ್ಟೆ, ಎಲ್ಲರ ಹಾಗೆ ಪಿಯುಸಿ ನೆಪ. ನಲವತ್ತು ದಾಟಿದ ಮೇಲೆ ಮತ್ತೆ ಹೋಗಿ ಕೂತಿದ್ದೇನೆ. ಬೆರಳು ಬಗ್ಗುವುದಿಲ್ಲ, ಆದರೆ ಆಗ ತಿಳಿಯದ ಲೆಕ್ಕ ಈಗ ತಿಳಿಯುತ್ತದೆ. ಆದಿತಾಳ ಎಂಟು ಅಕ್ಷರ, ಅಂದರೆ ಎಂಟು ಎಣಿಕೆ, ಒಂದೊಂದಕ್ಕೆ ನಾಲ್ಕು ಅಂದರೆ 32 ಮಾತ್ರೆ. ಮುಕ್ತಾಯ ಅಂದರೆ ಒಂದು ಜತಿಯನ್ನು (ಮೃದಂಗದ ಸೊಲ್ಲುಗಳ ಗುಂಪು) ಮೂರು ಸಲ ಹೇಳಿ ಸಮಕ್ಕೆ, ಅಂದರೆ ತಾಳದ ಮೊದಲ ಹೊಡೆತಕ್ಕೆ, ಬಂದು ಇಳಿಯುವುದು. ಮೂರು ಜತಿ, ನಡುವೆ ಎರಡು ಬಿಡುವು. ಎಂಟರ ಜತಿ, ನಾಲ್ಕರ ಬಿಡುವು ಇಟ್ಟರೆ 24 ಮತ್ತು 8, ಸರಿಯಾಗಿ 32. ಹತ್ತರ ಜತಿ ಆದರೆ ಬಿಡುವು ಒಂದೊಂದೇ. ಈಗ 'ತದಿಗಿಣತೊಂ' ಬೇಕು ಅನ್ನಿ, ಐದು. ಮೂರೈದಲ ಹದಿನೈದು, ಬೆಸ. ಬಿಡುವು ಎಷ್ಟೇ ಇದ್ದರೂ ಎರಡು ಸಲ ಬರುವುದರಿಂದ ಸಮಸಂಖ್ಯೆ. ಬೆಸಕ್ಕೆ ಸಮ ಸೇರಿಸಿದರೆ 32 ಯಾವ ಜನ್ಮಕ್ಕೂ ಬರುವುದಿಲ್ಲ. ಹಾಗಾಗಿ ತಾಳದ ಸಮದಲ್ಲಿ ಶುರು ಮಾಡುವ ಹಾಗಿಲ್ಲ. ಎರಡೆರಡು ಬಿಡುವು ಇಟ್ಟುಕೊಂಡರೆ 19 ಆಗುತ್ತದೆ, 13 ಮಾತ್ರೆ ಬಿಟ್ಟು ಹಿಡಿಯಬೇಕು. ನಮ್ಮ ಗುರುಗಳು ಇದನ್ನೆಲ್ಲ ಪೇಪರ್ ಮೇಲೆ ಬರೆಯುವವರಲ್ಲ. ಹಾಡುತ್ತಿರುವವರ ಮುಖ ನೋಡುತ್ತಾ "ಹದಿಮೂರು ಬಿಟ್ಟು ಹಿಡಿ" ಅನ್ನುತ್ತಾರೆ, ಅಷ್ಟೊತ್ತಿಗೆ ನನಗೆ ಹನ್ನೆರಡೋ ಹದಿನಾಲ್ಕೋ ಆಗಿಹೋಗಿರುತ್ತದೆ.

ಹೀಗೆ ಇಷ್ಟು ಪಟ್ಟು ಇದು, ಅಷ್ಟು ಪಟ್ಟು ಅದು, ಸೇರಿ ಇಂತಿಷ್ಟಾಗಬೇಕು, ಎರಡೂ ಪೂರ್ಣ ಸಂಖ್ಯೆಯೇ ಇರಬೇಕು ಅನ್ನುವ ಲೆಕ್ಕಕ್ಕೆ ಹಳೆಯ ಹೆಸರು ಕುಟ್ಟಕ. ದೊಡ್ಡ ಸಂಖ್ಯೆಗಳನ್ನು ಕುಟ್ಟಿ ಕುಟ್ಟಿ ಸಣ್ಣದು ಮಾಡುತ್ತಾ ಹೋಗುವುದರಿಂದ ಆ ಹೆಸರು. ಆರ್ಯಭಟ 499ರ ಹೊತ್ತಿಗೇ ಇದರ ದಾರಿ ಹೇಳಿದ್ದ. ನಮ್ಮ ಕಡೆಯ ಗಣಿತಜ್ಞ ಮಹಾವೀರಾಚಾರ್ಯ ಅದನ್ನೇ ಕುಟ್ಟೀಕಾರ ಅಂತ ಕರೆದು ಹಣ್ಣು, ಹಕ್ಕಿ, ವ್ಯಾಪಾರಿಗಳ ಕತೆ ಕಟ್ಟಿ ಲೆಕ್ಕಗಳನ್ನು ಬಿಡಿಸಿದ. ರಾಷ್ಟ್ರಕೂಟರ ಅಮೋಘವರ್ಷ ನೃಪತುಂಗನ ಕಾಲದವನು, 9ನೇ ಶತಮಾನ. ಕವಿರಾಜಮಾರ್ಗ ಹುಟ್ಟಿದ್ದು ಅದೇ ಆಸ್ಥಾನದಲ್ಲಿ ಅನ್ನುವುದನ್ನು ನೆನಪಿಟ್ಟುಕೊಳ್ಳಿ. ಮಹಾವೀರಾಚಾರ್ಯನ ಗಣಿತಸಾರಸಂಗ್ರಹದ ಶುರುವಿನಲ್ಲಿ ಗಣಿತ ಎಲ್ಲೆಲ್ಲಿ ಬೇಕು ಅನ್ನುವ ಒಂದು ಪಟ್ಟಿ ಇದೆ. ಕಾಮಶಾಸ್ತ್ರಕ್ಕೆ ಬೇಕು, ಅರ್ಥಶಾಸ್ತ್ರಕ್ಕೆ ಬೇಕು, ಸಂಗೀತಕ್ಕೆ, ನಾಟಕಕ್ಕೆ, ಅಡುಗೆಗೆ, ವೈದ್ಯಕ್ಕೆ, ಮನೆ ಕಟ್ಟುವುದಕ್ಕೆ, ಛಂದಸ್ಸಿಗೆ, ಅಲಂಕಾರಕ್ಕೆ, ಕಾವ್ಯಕ್ಕೆ, ತರ್ಕಕ್ಕೆ, ವ್ಯಾಕರಣಕ್ಕೆ. ಸಂಗೀತ, ನಾಟಕ ಮುಗಿದ ಕೂಡಲೇ ಅಡುಗೆ! ನನಗೆ ಈ ಸಾಲು ತುಂಬಾ ಇಷ್ಟ. ಗಣಿತಕ್ಕೂ ಕಲೆಗೂ ಏನು ಸಂಬಂಧ ಅಂತ ಗಂಭೀರವಾಗಿ ಸೆಮಿನಾರ್ ಮಾಡುವ ಅಗತ್ಯ ಆ ಮನುಷ್ಯನಿಗೆ ಕಾಣಲಿಲ್ಲ. ಅವನಿಗೆ ಅವು ಬೇರೆಯಾಗಿಯೇ ಇರಲಿಲ್ಲ.

ಚಂದದ ಆಸೆಯೂ ಇತ್ತು ಅವನಿಗೆ. ಗುಣಾಕಾರ ಕಲಿಸುವ ಕಡೆ ಉತ್ತರವು ಹಾರದ ಹಾಗೆ ಕಾಣುವ ಲೆಕ್ಕಗಳನ್ನು ಹುಡುಕಿ ಇಟ್ಟಿದ್ದಾನೆ. 142857143ನ್ನು 7ರಿಂದ ಗುಣಿಸಿ ನೋಡಿ, 1000000001 ಬರುತ್ತದೆ. ಎರಡು ತುದಿಯಲ್ಲಿ ಎರಡು ಮಣಿ, ನಡುವೆ ಬರೀ ಸೊನ್ನೆಯ ಮುತ್ತು. 11011011 ಇಂಟು 91 ಮಾಡಿದರೆ 1002002001. ಇದರಿಂದ ಮೂರು ಕಾಸಿನ ಉಪಯೋಗ ಇಲ್ಲ. ಸುಮ್ಮನೆ ಚೆನ್ನಾಗಿದೆ ಅಂತ ಇಟ್ಟದ್ದು.

ಹಾರ ಅಂದಾಗ ರಂಗೋಲಿ ನೆನಪಾಗುತ್ತದೆ. ಅಮ್ಮನ ಹತ್ತಿರ ಒಂದು ಹಳೆಯ ನೋಟ್‌ಬುಕ್ ಇದೆ, ಎಣ್ಣೆ ಕಲೆ, ಅರಿಸಿನದ ಕಲೆ. ಪ್ರತಿ ಪುಟದ ಮೇಲೆ ಎರಡು ಸಂಖ್ಯೆ: "15ರಿಂದ 8, ಸಂದು ಚುಕ್ಕಿ." ಗೊತ್ತಿರುವವರಿಗೆ ಅಷ್ಟು ಸಾಕು. ನಡುವಿನ ಸಾಲಿನಲ್ಲಿ 15, ಮೇಲಕ್ಕೂ ಕೆಳಕ್ಕೂ ಒಂದೊಂದೇ ಕಡಿಮೆ ಮಾಡುತ್ತಾ 8ಕ್ಕೆ ನಿಲ್ಲಿಸಬೇಕು, ಚುಕ್ಕಿಯನ್ನು ಮೇಲಿನೆರಡರ ಸಂದಿಗೆ ಇಡಬೇಕು. ಜೇನುಗೂಡಿನ ಹಾಗೆ ಆರು ಮೂಲೆ ಬರುತ್ತದೆ. ಒಂದು ಸಲ ಕೂಡಿ ನೋಡಿದೆ, ಒಟ್ಟು 169 ಚುಕ್ಕಿ, 13ರ ವರ್ಗ. ಖುಷಿಯಿಂದ ಹೇಳಿದರೆ ಅಮ್ಮ "ಹೌದಾ, ಹಿಟ್ಟು ಎಷ್ಟು ಬೇಕಾಗುತ್ತೆ ಅಂತ ನಂಗೊತ್ತು" ಅಂದಳು.

ಇದೇ ಚುಕ್ಕಿಗಳ ಹಿಂದೆ ಬಿದ್ದ ಕಂಪ್ಯೂಟರ್ ವಿಜ್ಞಾನಿಗಳೂ ಇದ್ದಾರೆ. 1970ರ ದಶಕದಲ್ಲಿ ಮದ್ರಾಸ್ ಕ್ರಿಶ್ಚಿಯನ್ ಕಾಲೇಜಿನಲ್ಲಿದ್ದ ಗಿಫ್ಟ್ ಸಿರೊಮನಿ, ರಾಣಿ ಸಿರೊಮನಿ, ಕಮಲಾ ಕೃತಿವಾಸನ್ ಅವರು ತಮಿಳುನಾಡಿನ ಕೋಲಗಳಿಗೆ, ಅಂದರೆ ಅಲ್ಲಿನ ರಂಗೋಲಿಗಳಿಗೆ, ವ್ಯಾಕರಣ ಬರೆದರು. ವಾಕ್ಯಕ್ಕೆ ಹೇಗೆ ವ್ಯಾಕರಣವೋ ಹಾಗೆ ಚಿತ್ರಕ್ಕೆ ವ್ಯಾಕರಣ. ಸಣ್ಣ ಕೋಲದಿಂದ ದೊಡ್ಡ ಕೋಲ ಬೆಳೆಯುವ ನಿಯಮ ಕೊಟ್ಟರೆ ಕಂಪ್ಯೂಟರ್ ಬಿಡಿಸಿಕೊಡುತ್ತದೆ, ಒಂದು ಚುಕ್ಕಿಯೂ ತಪ್ಪುವುದಿಲ್ಲ. ಇತ್ತೀಚೆಗೆ ನಾನು ಚಿತ್ರ ಬಿಡಿಸುವ ಯಂತ್ರವೊಂದಕ್ಕೆ 15ರಿಂದ 8ರ ರಂಗೋಲಿ ಕೇಳಿದೆ. ಆಹಾ, ಎಂಥ ಚಿತ್ರ! ಸಗಣಿ ಸಾರಿಸಿದ ಅಂಗಳ, ಓರೆ ಬಿಸಿಲು, ಪಕ್ಕದಲ್ಲಿ ಹಿಟ್ಟಿನ ಬಟ್ಟಲು. ಚುಕ್ಕಿ ಎಣಿಸಿದರೆ ಒಂದು ಸಾಲಲ್ಲಿ 11, ಕೆಳಗಿನದರಲ್ಲಿ 13, ಆಮೇಲೆ ಮತ್ತೆ 12. ಎಳೆ ಒಂದು ಕಡೆ ಚುಕ್ಕಿಯ ಮೇಲೇ ಹತ್ತಿ ಹೋಗಿದೆ. ರಂಗೋಲಿಯ ಫೋಟೋ ಹೇಗಿರುತ್ತದೆ ಅಂತ ಅದಕ್ಕೆ ಚೆನ್ನಾಗಿ ಗೊತ್ತು, ರಂಗೋಲಿ ಹಾಕುವುದು ಗೊತ್ತಿಲ್ಲ. ಮತ್ತೆ ಅದೇ ಎರಡು ಯಂತ್ರ.

ಹಾಗಂತ ಯಂತ್ರವನ್ನು ಹೀಗಳೆದು ಕೂರುವವನು ನಾನಲ್ಲ, ನನ್ನ ಅನ್ನ ಅದು. 2019ರ ಮಾರ್ಚ್ 21ರಂದು ಜರ್ಮನಿಯ ಸಂಗೀತಗಾರ ಬಾಖ್ ಹುಟ್ಟಿದ ದಿನಕ್ಕೆ ಗೂಗಲ್ ತನ್ನ ಪುಟದಲ್ಲಿ ಒಂದು ಆಟ ಇಟ್ಟಿತ್ತು. ಎರಡು ಬಾರ್ ಉದ್ದದ ಸ್ವರ ನೀವು ಹಾಕಿದರೆ, ಉಳಿದ ಮೂರು ಧ್ವನಿಗಳನ್ನು ಯಂತ್ರ ಸೇರಿಸಿ ಬಾಖ್ ರೀತಿಯಲ್ಲಿ ಹಾಡುತ್ತಿತ್ತು. ಬಾಖ್‌ನ 306 ಕೋರಲ್‌ಗಳನ್ನು (ನಾಲ್ಕು ಧ್ವನಿಯ ಚರ್ಚಿನ ಹಾಡು) ಕಲಿತು ತಯಾರಾದದ್ದು. ನಾನು ಹಾಕಿದ್ದು 'ವರವೀಣಾ' ಗೀತೆಯ ಶುರು, ಮೋಹನ ರಾಗ. ಬಂದದ್ದು ಚರ್ಚಿನ ಹಾಡು. ಆದರೆ ನಿಜ ಹೇಳುತ್ತೇನೆ, ಒಂದು ಜಾಗದಲ್ಲಿ ಕೆಳಗಿನ ಧ್ವನಿ ಇಳಿದ ರೀತಿಗೆ ಮೈ ಜುಂ ಅಂತು. ಆರು ವರ್ಷ ಸಂಗೀತದ ನಡುವೆ ಕೂತ ಕಿವಿಗೂ ಆ ಮೋಹನದ ಕೆಳಗೆ ಅಂಥದ್ದೊಂದು ನೆಲಮಾಳಿಗೆ ಇರಬಹುದು ಅಂತ ಅನಿಸಿರಲಿಲ್ಲ. ತಿಳಿದು ಮಾಡಿತೋ ತಿಳಿಯದೆ ಮಾಡಿತೋ, ಮಾಡಿದ್ದಂತೂ ಹೌದು.

ಆ ಯಂತ್ರ ಎಣಿಸಿದ್ದು ಆಗಿಹೋದದ್ದನ್ನು. 306 ಹಾಡುಗಳಲ್ಲಿ ಯಾವ ಸ್ವರದ ಜೊತೆ ಯಾವುದು ಬಂದಿತ್ತು ಅಂತ. ಇದಕ್ಕೆ ಉಲ್ಟಾ ಎಣಿಸಿದವನು ವೆಂಕಟಮಖಿ. 17ನೇ ಶತಮಾನದ ತಂಜಾವೂರಿನ ಸಂಗೀತಶಾಸ್ತ್ರಜ್ಞ, ತಂದೆ ಗೋವಿಂದ ದೀಕ್ಷಿತರು ಕನ್ನಡ ಮೂಲದವರು. ಷಡ್ಜ ಪಂಚಮ ಅಲುಗುವುದಿಲ್ಲ, ಮಧ್ಯಮ ಎರಡು, ರಿಷಭ ಗಾಂಧಾರ ಸೇರಿ ಆರು ಜೋಡಿ, ಧೈವತ ನಿಷಾದ ಸೇರಿ ಆರು ಜೋಡಿ. ಆರಾರಲ ಮೂವತ್ತಾರು, ಅದರ ಎರಡರಷ್ಟು 72 ಮೇಳ, ಅಂದರೆ ರಾಗಗಳು ಹುಟ್ಟುವ ಮೂಲ ಸ್ವರಸಾಲು. ಇದಕ್ಕಿಂತ ಒಂದು ಹೆಚ್ಚು ಕಮ್ಮಿ ಮಾಡಲು ಶಿವನಿಂದಲೂ ಆಗದು ಅಂತ ಬೀಗಿದ. ಆದರೆ ಅವನ ಕಾಲದಲ್ಲಿ ಬಳಕೆಯಲ್ಲಿದ್ದದ್ದು 19 ಮೇಳ ಮಾತ್ರ. ಹಾಗಾದರೆ ಉಳಿದವು ವ್ಯರ್ಥ ಅಲ್ವಾ ಅಂತ ತಾನೇ ಪ್ರಶ್ನೆ ಹಾಕಿಕೊಂಡು ಉತ್ತರ ಕೊಡುತ್ತಾನೆ: ದೇಶಗಳಿಗೆ ಕೊನೆಯಿಲ್ಲ, ಅಲ್ಲಿರುವ ಜನಕ್ಕೆ ಕೊನೆಯಿಲ್ಲ, ಅವರು ಕಟ್ಟಿದ, ಕಟ್ಟುತ್ತಿರುವ, ಮುಂದೆ ಕಟ್ಟಲಿರುವ ರಾಗಗಳಿಗೆಲ್ಲ ಜಾಗ ಬೇಕು. ಬಾಡಿಗೆದಾರರು ಬರುವ ಮೊದಲೇ 72 ಮನೆ ಕಟ್ಟಿಟ್ಟ ಆಸಾಮಿ.

ಮನೆ ತುಂಬಿದವಾ? ಪೂರ್ತಿ ಇಲ್ಲ. 72ರಲ್ಲಿ 40 ವಿವಾದಿ ಮೇಳಗಳು, ಪಕ್ಕಪಕ್ಕದ ಸ್ವರ ಒಂದಕ್ಕೊಂದು ತಾಗಿ ಕಿವಿಗೆ ಚುಚ್ಚುತ್ತವೆ. ಕಿವಿ ಇಲ್ಲೂ ಅರ್ಧಕ್ಕಿಂತ ಜಾಸ್ತಿಯನ್ನು ಹೊರಗೆ ನಿಲ್ಲಿಸಿತು. ಆಮೇಲೆ 20ನೇ ಶತಮಾನದಲ್ಲಿ ಕೋಟೀಶ್ವರ ಅಯ್ಯರ್ ಅಂಥವರು ಹಟ ಹಿಡಿದು 72ರಲ್ಲೂ ಕೃತಿ ರಚಿಸಿದರು, ಬಾಲಮುರಳಿಕೃಷ್ಣ ಕೂಡ ರಚಿಸಿದರು. ಕೇಳುತ್ತಾ ಕೇಳುತ್ತಾ ಚುಚ್ಚುತ್ತಿದ್ದದ್ದು ಕೆಲವರಿಗೆ ರುಚಿಸಲು ಶುರುವಾಯಿತು. ನನಗೆ ರಸಿಕಪ್ರಿಯ ಇಷ್ಟ. ಮೇಳದ ಹೆಸರಿನ ಮೊದಲೆರಡು ಅಕ್ಷರದಲ್ಲೇ ಅದರ ಸಂಖ್ಯೆ ಅಡಗಿರುತ್ತದೆ, ರ ಅಂದರೆ 2, ಸ ಅಂದರೆ 7, ತಿರುಗಿಸಿದರೆ 72, ಸಾಲಿನ ಕಟ್ಟಕಡೆಯ ಮನೆ. ನಾನು ಅದನ್ನು ಹಾಕಿದರೆ ಅಮ್ಮ ರೇಡಿಯೋ ಕೆಟ್ಟಿದೆಯಾ ಅನ್ನುತ್ತಾಳೆ.

ಉಡುಗೊರೆ ಏನಾಯಿತು ಅಂತ ಹೇಳಬೇಕಲ್ಲ. ಕೊನೆಗೆ ಪದ್ಯವನ್ನು ನಾನೇ ಬರೆದೆ. ಎರಡು ವಾರ, ಆಫೀಸಿನ ಮೀಟಿಂಗ್‌ಗಳಲ್ಲಿ, ಕ್ಯಾಮೆರಾ ಆಫ್ ಮಾಡಿ. ಪ್ರೋಗ್ರಾಂ ಪಕ್ಕದಲ್ಲೇ ಇತ್ತು, ಸಾಲು ಹಾಕುವುದು, ಕೆಂಪು ಬಂದರೆ ಪದ ಬದಲಿಸುವುದು. ಎಲ್ಲ ಆರೂ ಸಾಲು ಹಸಿರಾದ ದಿನ ಪ್ರಮೋಷನ್ ಸಿಕ್ಕಷ್ಟು ಸಂತೋಷ. ಚೆನ್ನಾಗಿ ಬರೆದ ಅಕ್ಷರದಲ್ಲಿ ಕಾರ್ಡ್ ಮಾಡಿ ಕೊಟ್ಟೆ. ಮೊದಲ ಎರಡು ಸಾಲು ಹೀಗಿತ್ತು:

ತಾಯಿಯೆಂಬಳು ಮಡಿಲ ಹಾಸುತ
ಬಾಯಿಗಿತ್ತಳು ಮಧುರ ಸವಿಯನು

ಅಮ್ಮ ಓದಿದಳು. ಬೆರಳು ತೊಡೆಯ ಮೇಲೆ ಬಿತ್ತು, ಎಲ್ಲೂ ಎಡವಲಿಲ್ಲ. ಕಣ್ಣು ಸ್ವಲ್ಪ ಒದ್ದೆಯಾಯಿತು ಅನಿಸಿತು, ಇಲ್ಲವೂ ಇರಬಹುದು. ಆಮೇಲೆ, "ಸವಿ ಅಂದ್ಮೇಲೆ ಮಧುರ ಯಾಕೆ? ಖಾರದ ಸವಿ ಇರುತ್ತಾ?" ಅಂದಳು. ನಾನು ಸುಮ್ಮನಿದ್ದೆ. ಅವಳೇ ಸ್ವಲ್ಪ ಹೊತ್ತು ಗುನುಗಿ, ಪೆನ್ನು ತೆಗೆದುಕೊಂಡು ನನ್ನ ಕಾರ್ಡಿನ ಮೇಲೇ ಗೀಚಿದಳು.

ಬಾಯಿಗಿತ್ತವಳಮರ್ದು ಸವಿಯನು

ಅಮರ್ದು, ಅಂದರೆ ಅಮೃತ. ಹಳಗನ್ನಡದ ಪದ, ಎಷ್ಟೋ ವರ್ಷದ ಹಿಂದೆ ಜಗಲಿಯಲ್ಲಿ ಕಿವಿಗೆ ಬಿದ್ದಿರಬೇಕು. ಚೆನ್ನಾಗಿದೆ, ಆದರೆ ನನಗೆ ಸಂಶಯ. ರೂಮಿಗೆ ಹೋಗಿ ಪ್ರೋಗ್ರಾಂಗೆ ಹಾಕಿದೆ. ಕೆಂಪು. 'ರ್ದು' ಒತ್ತಕ್ಷರ, ಹಾಗಾಗಿ ಹಿಂದಿನ 'ಮ' ಗುರು, 14 ಇರಬೇಕಾದ ಕಡೆ 15. ಸಾಲದ್ದಕ್ಕೆ ಗಣದ ಶುರುವಿನಲ್ಲಿ ಲಘು, ಬೆನ್ನಿಗೇ ಗುರು. ಇರಬಾರದ ಎರಡೂ ತಪ್ಪು ಒಂದೇ ಕಡೆ. ಲ್ಯಾಪ್‌ಟಾಪ್ ಹಿಡಿದುಕೊಂಡೇ ಹೊರಗೆ ಬಂದು ತೋರಿಸಿದೆ.

"ಹಾಡು ನೋಡೋಣ" ಅಂದಳು. ನಾನು ಒತ್ತಿ ಓದಿದೆ, ಅಮರ್‌-ದು. ಅವಳು ನಕ್ಕು, ತಾನೇ ಹಾಡಿದಳು. ಅವಳ ಬಾಯಲ್ಲಿ ಆ 'ರ್' ನಾಲಿಗೆಯ ತುದಿಗೆ ತಾಗಿ ಹಾಗೇ ಜಾರಿ ಹೋಯಿತು, 'ಮ'ದ ಮೇಲೆ ಭಾರ ಬೀಳಲೇ ಇಲ್ಲ. ಮೂರು ಲಘು. ಹದಿನಾಲ್ಕು. ಆಮೇಲೆ ಹುಡುಕಿದಾಗ ಇದಕ್ಕೊಂದು ಹೆಸರಿರುವುದು ಗೊತ್ತಾಯಿತು, ಶಿಥಿಲದ್ವಿತ್ವ. 13ನೇ ಶತಮಾನದ ಕೇಶಿರಾಜ ಶಬ್ದಮಣಿದರ್ಪಣದಲ್ಲಿ ಇದರ ಬಗ್ಗೆ ಹೇಳಿದ್ದಾನೆ. ಕೆಲವು ಪದಗಳಲ್ಲಿ ಒತ್ತಕ್ಷರವನ್ನು ಸಡಿಲವಾಗಿ ಉಚ್ಚರಿಸುವುದರಿಂದ ಹಿಂದಿನ ಅಕ್ಷರ ಗುರು ಆಗುವುದಿಲ್ಲ. ಬರೆದದ್ದನ್ನು ನೋಡಿದರೆ ತಿಳಿಯುವುದಿಲ್ಲ, ಬಾಯಲ್ಲಿ ಹೇಳಿದರೆ ಮಾತ್ರ.

ಪ್ರೋಗ್ರಾಮಿನಲ್ಲಿ ಒಂದು ಪಟ್ಟಿ ಶುರು ಮಾಡಿ ಅದರಲ್ಲಿ 'ಅಮರ್ದು' ಸೇರಿಸಿದೆ, ಹಸಿರಾಯಿತು. ನಾಲ್ಕು ದಿನ ಬಿಟ್ಟು ಅಮ್ಮ ಅಡುಗೆಮನೆಯಿಂದ ಕೂಗಿದಳು, "ಕುಳಿರ್ಗಾಳಿ ಹಾಕಿ ನೋಡು, ಏನನ್ನುತ್ತೆ ನಿನ್ನ ಡಬ್ಬ?" ಈಗ ಪಟ್ಟಿಯಲ್ಲಿ ಹನ್ನೊಂದು ಪದ ಇವೆ.